ಬೂಸ್ಟು ಹತ್ತದ ಪುಡಿ

ವಿಲಾಯತಿಗೆ ಹೋಗಿ ಬಂದವರು ಬರೆದದ್ದನ್ನೆಲ್ಲ ನಾನು ಓದಿದ್ದೇನೆ. ಅಲ್ಲಿಯ ಜನ ಗಡಿಯಾರ ನೋಡಿ ಉಸಿರಾಡುತ್ತಾರೆ, ಸಾಲು ಮುರಿಯುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ಹೀಗೆ. ಓದಿ ಓದಿ ನಾನೂ ನಂಬಿದ್ದೆ. ಯುದ್ಧ ಮುಗಿದ ಮರುವರ್ಷ ನಾನೇ ಹೋಗಿ ಎಂಟು ತಿಂಗಳು ಇದ್ದು ಬಂದೆ. ಬರುವಾಗ ಸಿಟ್ಟು ಹೊತ್ತು ತಂದೆ. ತಿರುಗಿ ಬಂದು ನಾಲ್ಕು ತಿಂಗಳಾದರೂ ಅದು ಇಳಿದಿಲ್ಲ. ಸಿಟ್ಟಿನಲ್ಲಿ ಪ್ರವಾಸದ ಕತೆ ಬರೆಯಬೇಡ ಎಂದು ಗೆಳೆಯರು ಹೇಳುತ್ತಾರೆ. ಇಳಿದ ಮೇಲೆ ಬರೆದರೆ ನಾನೂ ಗಡಿಯಾರ, ಸಾಲು ಎಂದೇ ಬರೆದೇನು. ಆದ್ದರಿಂದ ಈಗಲೇ ಬರೆಯುತ್ತೇನೆ.

ಹುಬ್ಬಳ್ಳಿ

ನನ್ನ ಕೆಲಸ ಬೂಸ್ಟು ಬೆಳೆಸುವುದು. ಉಪ್ಪಿನಕಾಯಿಗೆ ಬೂಸ್ಟು ಬಂದರೆ ಮನೆಯ ಹೆಂಗಸರು ಹಣೆ ಚಚ್ಚಿಕೊಳ್ಳುತ್ತಾರೆ. ಬರದಿದ್ದರೆ ಹಣೆ ಚಚ್ಚಿಕೊಳ್ಳುವ ಪಾಳಿ ನನ್ನದು. ಊರು ಅಮರಗೋಳ, ನೌಕರಿ ಧಾರವಾಡದ ಒಂದು ಸರಕಾರಿ ಪ್ರಯೋಗಶಾಲೆಯಲ್ಲಿ. ನಮ್ಮ ಕಡೆಯ ಎರೆ ಹೊಲಗಳಲ್ಲಿ ಹತ್ತಿಗೆ ಸೊರಗು ರೋಗ ಬರುತ್ತದೆ. ಗಿಡ ನಿಂತಲ್ಲೇ ಬಾಡುತ್ತದೆ, ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಕಾಣುತ್ತದೆ. ಮಣ್ಣಿನಲ್ಲಿರುವ ಒಂದು ಬೂಸ್ಟಿನ ಕೆಲಸ ಅದು. ಯಾವ ತಳಿ ಅದನ್ನು ತಡೆದುಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಮೊದಲು ಆ ಬೂಸ್ಟನ್ನು ಗಾಜಿನ ನಳಿಗೆಯಲ್ಲಿ ಶುದ್ಧವಾಗಿ ಬೆಳೆಸಬೇಕು, ಕುಂಡದ ಮಣ್ಣಿಗೆ ಬೆರೆಸಬೇಕು, ಹತ್ತಿಯ ಬೀಜ ಹಾಕಿ ಕಾಯಬೇಕು.

ಬೂಸ್ಟಿಗೆ ಊಟ ಬೇಕು, ಊಟ ಹರಿದು ಹೋಗದಂತೆ ಗಟ್ಟಿಯಾಗಿ ನಿಲ್ಲುವ ಹಾಸಿಗೆ ಬೇಕು. ಅದಕ್ಕೆ ಅಗರು ಎಂಬ ಪದಾರ್ಥ ಬಳಸುತ್ತಿದ್ದೆವು. ಸಮುದ್ರದ ಪಾಚಿಯಿಂದ ತೆಗೆದದ್ದು, ಜಪಾನಿನಿಂದ ಬರುತ್ತಿತ್ತು. ಜಪಾನು ಯುದ್ಧಕ್ಕಿಳಿಯಿತು, ಅಗರು ನಿಂತಿತು. ನಮ್ಮ ಪ್ರಯೋಗಶಾಲೆಯ ಮುಖ್ಯಸ್ಥರಾದ ಸಾಹೇಬರು, ಯುದ್ಧ ಮುಗಿಯುವ ತನಕ ನಳಿಗೆಗಳನ್ನು ತೊಳೆದು ಕಪಾಟಿನಲ್ಲಿಡು ಎಂದರು. ರೋಗವೂ ಯುದ್ಧ ಮುಗಿಯುವ ತನಕ ಕಾಯುತ್ತದೆಯೇ ಎಂದು ನಾನು ಕೇಳಲಿಲ್ಲ. ಆಗ ನನಗೆ ಅಷ್ಟು ಬಾಯಿ ಇರಲಿಲ್ಲ.

ದಾರಿ ತೋರಿಸಿದವರು ಹುಬ್ಬಳ್ಳಿಯ ಹುಸೇನಸಾಬ ಕಾಕಾ. ಅವರದು ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿ. ನಮ್ಮ ಪ್ರಯೋಗಶಾಲೆಯ ದಫ್ತರಗಳನ್ನೆಲ್ಲ ಕಟ್ಟಿದ್ದು ಅವರೇ. ಕೊಂಡು ತಂದ ಅಂಟನ್ನು ಕಾಕಾ ಮುಟ್ಟುವುದಿಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ಹಾರಿಸಿ, ಪುಡಿ ಮಾಡಿ, ನೀರಿನಲ್ಲಿ ಕುದಿಸಿ ತಾವೇ ಅಂಟು ಮಾಡುತ್ತಾರೆ. ಕೊನೆಗೆ ಬೂಸ್ಟು, ಹುಳ ಹತ್ತಬಾರದೆಂದು ಒಂದು ಚಿಟಿಕೆ ಮೈಲುತುತ್ತಿನ ನೀಲಿ ಪುಡಿ ಹಾಕುತ್ತಾರೆ. ಒಮ್ಮೆ ಅಂಟು ಕುದಿಸಿಟ್ಟವರು ಮೈಲುತುತ್ತು ಹಾಕುವ ಮೊದಲೇ ಜ್ವರ ಬಂದು ಮಲಗಿದರು. ನಾಲ್ಕು ದಿನದ ಮೇಲೆ ನಾನು ದಫ್ತರ ಒಯ್ಯಲು ಹೋದಾಗ ಗಡಿಗೆಯ ತುಂಬ ಹಸಿರು, ಬಿಳಿ, ಕಪ್ಪು ಬೂಸ್ಟು ಕಂಬಳಿ ಹಾಸಿದ ಹಾಗೆ ಬೆಳೆದಿತ್ತು. ಕಾಕಾ ಅದನ್ನು ತಿಪ್ಪೆಗೆ ಚೆಲ್ಲಲು ಹೊರಟಿದ್ದರು.

“ಚೆಲ್ಲಬ್ಯಾಡ್ರಿ ಕಾಕಾ, ನನಗ ಕೊಡ್ರಿ” ಎಂದೆ.

“ಇದನ್ನ ಒಯ್ದು ಏನ್ ಮಾಡ್ತಿ ಶಿವಪ್ಪಾ? ಕೆಟ್ಟು ಹೋಗೇತಿ.”

“ಕೆಟ್ಟದ್ದ ನನಗ ಬೇಕಾಗೇತ್ರಿ.”

ಜ್ವರ ಬಂದದ್ದು ತಮಗೋ ಇವನಿಗೋ ಎಂಬಂತೆ ಕಾಕಾ ನನ್ನ ಮುಖ ನೋಡಿದರು. ಮುಂದೆ ಬೀಜ ಹುರಿಯುವ ಹದವನ್ನು ಅವರೇ ಕಲಿಸಿದರು. ಸಿಪ್ಪೆ ಬಿರಿಯಬೇಕು, ಒಳಗಿನ ಬಿಳಿ ತಿರುಳು ಕೆಂಪಾಗಬಾರದು. ಪ್ರತಿ ಸಲ ಅಂಟು ಕುದಿದ ಮೇಲೆ ಅವರ ಕೈ ತಾನಾಗಿ ಮೈಲುತುತ್ತಿನ ಡಬ್ಬಿಗೆ ಹೋಗುತ್ತಿತ್ತು, ಪ್ರತಿ ಸಲ ನಾನು ಆ ಕೈ ಹಿಡಿಯುತ್ತಿದ್ದೆ.

“ಹಾಕಲಿಲ್ಲಂದ್ರ ಬೂಸ್ಟ ಬರ್ತೈತಲ್ಲೋ.”

“ಬರಲಿ ಅಂತನ ಮಾಡಾಕತ್ತೇನ್ರಿ ಕಾಕಾ.”

“ನನ್ನ ಜನ್ಮದಾಗ ಇಂಥಾ ಗಿರಾಕಿ ನೋಡಿಲ್ಲಪಾ” ಎನ್ನುತ್ತಿದ್ದರು.

ಆ ಪುಡಿಗೆ ಜೋಳ ಕುದಿಸಿದ ನೀರು, ಧಾರಾಳವಾಗಿ ಬೆಲ್ಲ ಬೆರೆಸಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣದ ಹಾಗೆ ನಿಲ್ಲುತ್ತದೆ. ಅಗರಿನಷ್ಟು ಗಟ್ಟಿಯಲ್ಲ, ಅಷ್ಟು ತಿಳಿಯೂ ಅಲ್ಲ. ಆದರೆ ಓರೆ ಮಾಡಿಟ್ಟ ನಳಿಗೆಯಲ್ಲಿ ಜಾರುವುದಿಲ್ಲ. ಸೊರಗು ರೋಗದ ಬೂಸ್ಟು ಅದರ ಮೇಲೆ ಹತ್ತಿಯ ಅರಳೆಯಂತೆ ಎದ್ದು, ಕೆಳಗೆ ನೇರಳೆ ಬಣ್ಣ ಬಿಟ್ಟು ಬೆಳೆಯುತ್ತದೆ. ಯುದ್ಧ ಮುಗಿಯುವ ತನಕ, ನಾಲ್ಕು ವರ್ಷ, ನಮ್ಮ ಕೆಲಸ ನಡೆದದ್ದು ಇದರ ಮೇಲೆ.

ಯುದ್ಧ ಮುಗಿದ ಮೇಲೆ ನನಗೊಂದು ವಿದ್ಯಾರ್ಥಿವೇತನ ಬಂತು. ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಈ ಹುಣಸೆಯ ಹಾಸಿಗೆಯನ್ನು ಮಾಡಿ ತೋರಿಸಬೇಕು, ಅಲ್ಲಿಯ ಪ್ರೊಫೆಸರರ ಸಹಿಯಿರುವ ವರದಿ ತರಬೇಕು. ಸಾಹೇಬರು ಒಡೆದು ಹೇಳಿದರು:

“ಸಹಿ ಇದ್ದ ವರದಿ ತಂದ್ರ ನಿನ್ನ ಹುಣಸಿ ಕೆಲಸ ಮುಂದ ನಡಸೂಣು. ತರಲಿಲ್ಲಂದ್ರ ನಾ ಅಗರ್ ತರಸ್ತೇನಿ. ನಿನ್ನ ಗಡಿಗಿ ಹೊರಗ.”

ಹೊರಡುವ ದಿನ ಅವ್ವ ಖಾರದ ಪುಡಿ, ಸಾರಿನ ಪುಡಿ, ಒಂದು ದೊಡ್ಡ ಉಂಡೆ ಹುಣಸೆಹಣ್ಣು ಕಟ್ಟಿಕೊಟ್ಟಳು. ಬಿಚ್ಚಿ ನೋಡಿದರೆ ಹಣ್ಣಿನಲ್ಲಿ ಬೀಜ ಹಾಗೇ ಇವೆ.

“ಅವ್ವಾ, ಇದರಾಗ ಅರ್ಧಾ ಬರೇ ಬೀಜನ ಅದಾವು. ಬೀಜ ಹೊತಗೊಂಡು ಸಮುದ್ರ ದಾಟ್ಲೇನು?”

“ಬಿಡಸಾಕ ಯಾಳೇ ಎಲ್ಲಿ ಸಿಕ್ಕೈತಿ ಯಪ್ಪಾ? ಅಲ್ಲೇ ಸಾರು ಮಾಡೂಮುಂದ ತಗದು ಒಗಿ.”

ಹೋಗುವ ದಿನವೂ ಅವಳ ಮೇಲೆ ಸಿಡುಕಿದೆ. ಈ ಬರಹದಲ್ಲಿ ಇನ್ನು ಬರುವ ಸಿಟ್ಟಿಗೆಲ್ಲ ಕಾರಣವಿದೆ. ಅದೊಂದಕ್ಕೆ ಇರಲಿಲ್ಲ.

ಹಡಗು, ಬಂದರು

ಹಡಗಿನಲ್ಲಿ ನನ್ನ ಆಸ್ತಿ ಎರಡೇ. ಒಂದು, ಹುಣಸೆ ಬೀಜದ ಪುಡಿಯ ದೊಡ್ಡ ಡಬ್ಬಿ. ಇನ್ನೊಂದು, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಹನ್ನೆರಡು ಗಾಜಿನ ನಳಿಗೆಗಳು. ಬಾಯಿಗೆ ಹತ್ತಿ ತುರುಕಿದ್ದು, ಒಳಗೆ ಹುಣಸೆಯ ಹಾಸಿಗೆಯ ಮೇಲೆ ಜೀವಂತ ಬೂಸ್ಟು. ಕೆಂಪು ಸಮುದ್ರದ ಸೆಕೆಗೆ ಅದು ಸಾಯದಿರಲೆಂದು ಪೆಟ್ಟಿಗೆಗೆ ಒದ್ದೆ ಪಂಚೆ ಸುತ್ತಿ ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಿದ್ದೆ. ಕೋಣೆ ಗುಡಿಸಲು ಬರುತ್ತಿದ್ದ ಬಿಳಿಯ ಆಳು ಒಳಗೇನಿದೆ ಎಂದು ಕೇಳಿದ. ರೋಗ ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ಮನುಷ್ಯರದ್ದಲ್ಲ, ಹತ್ತಿಯ ರೋಗ ಎಂದು ಸಮಾಧಾನ ಹೇಳಿದೆ. ತನ್ನ ಅಂಗಿಯೂ ಹತ್ತಿಯದೇ ಎಂದು ಹೇಳಿ ಹೋದವನು ಮತ್ತೆ ಒಳಗೆ ಕಾಲಿಡಲಿಲ್ಲ. ಇಂಗ್ಲೆಂಡ್ ಮುಟ್ಟುವ ತನಕ ನಾನೇ ಗುಡಿಸಿಕೊಂಡೆ.

ಮಾಂಸ ತಿನ್ನದವನೆಂದು ತಿಳಿದ ಮೇಲೆ ಊಟಕ್ಕೆ ನನಗೆ ದಿನವೂ ಬೇಯಿಸಿದ ಬಟಾಟೆ, ಬೇಯಿಸಿದ ಕೋಬಿ ಕೊಟ್ಟರು. ಉಪ್ಪು ಕೇಳಿ ಹಾಕಿಸಿಕೊಳ್ಳಬೇಕು. ನಾನು ಬೂಸ್ಟಿಗೆ ಹಾಕುವ ಊಟ ಅದಕ್ಕಿಂತ ರುಚಿಯಾಗಿರುತ್ತದೆ.

ಇಳಿದ ಬಂದರಿನಲ್ಲಿ ತಪಾಸಣೆಯ ಅಧಿಕಾರಿಯೊಬ್ಬ ನನ್ನ ಡಬ್ಬಿ ತೆರೆಸಿದ. ಮೂಸಿದ, ಬೆರಳಿನಲ್ಲಿ ಕದಡಿದ, ಇದೇನೆಂದು ಕೇಳಿದ. ಹುಣಸೆ ಬೀಜದ ಹಿಟ್ಟು ಎಂದೆ. ಸಸ್ಯದ ಪದಾರ್ಥ, ರೋಗ ತಂದೀತು, ಬಿಡಲಾಗದು ಎಂದ. ಪಕ್ಕದಲ್ಲಿದ್ದ ನಳಿಗೆಯ ಪೆಟ್ಟಿಗೆಯನ್ನು ನಾನೇ ತೋರಿಸಿದೆ. ರೋಗ ಇರುವುದು ಇದರಲ್ಲಿ ಸ್ವಾಮಿ, ಅದರಲ್ಲಲ್ಲ ಎಂದೆ. ಅವನು ಪೆಟ್ಟಿಗೆಯ ಮೇಲೆ ಅಂಟಿಸಿದ್ದ ಕಾಗದ ಓದಿದ. ಅದಕ್ಕೆ ಪರವಾನಗಿ ಇತ್ತು, ಮುದ್ರೆ ಇತ್ತು. ಹಿಟ್ಟಿಗೆ ಪರವಾನಗಿ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೀಗೆ ರೋಗ ಇಂಗ್ಲೆಂಡಿನ ಒಳಗೆ ಹೋಯಿತು, ಹಿಟ್ಟು ಕಸದ ಡಬ್ಬಿಗೆ ಹೋಯಿತು.

ಅವ್ವನ ಗಂಟನ್ನೂ ಬಿಚ್ಚಿದ. ಖಾರದ ಘಾಟು ಮೂಗಿಗೆ ಹತ್ತಿ ಸೀನತೊಡಗಿದವನು ಅಡಿಯಲ್ಲಿದ್ದ ಹುಣಸೆಯನ್ನು ನೋಡದೆಯೇ ಮುಚ್ಚಿಬಿಟ್ಟ. ನಮ್ಮೂರ ಸುಂಕದ ನಾಕೆಯ ಕಾರಕೂನನಾಗಿದ್ದರೆ ಎದುರು ನಿಂತು ಬೈದಾಡಿ ಮನಸ್ಸಾದರೂ ಹಗುರ ಮಾಡಿಕೊಳ್ಳಬಹುದಿತ್ತು. ಇವನು ಮಾತಿಗೊಮ್ಮೆ ‘ಸರ್’ ಎನ್ನುತ್ತ, ಮುಗುಳ್ನಗುತ್ತ ನನ್ನ ಹಿಟ್ಟು ಚೆಲ್ಲಿದ. ಸಭ್ಯತೆಯಿಂದ ಕೆನ್ನೆಗೆ ಹೊಡೆಸಿಕೊಳ್ಳುವುದು ಹೇಗೆಂದು ಅಂದು ಕಲಿತೆ.

ಪ್ರಯೋಗಶಾಲೆ

ಆ ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅದಕ್ಕೆ ಕೀರ್ತಿ ಬಂದೀತು. ಮ್ಯಾಂಚೆಸ್ಟರಿನ ಆಸುಪಾಸಿನದು, ಹತ್ತಿ ಗಿರಣಿಗಳ ಊರು. ಮಸಿ ಹಿಡಿದ ಗೋಡೆಗಳು, ಎತ್ತರದ ಹೊಗೆ ಕೊಳವೆಗಳು. ಧಾರವಾಡದ ಹೊಲದಿಂದ ಹತ್ತಿ ಅಂಡಿಗೆ ಮೂಟೆಯಾಗಿ ಹುಬ್ಬಳ್ಳಿಗೆ ಬಂದು, ರೈಲು ಹತ್ತಿ, ಹಡಗು ಹತ್ತಿ ಎಲ್ಲಿ ಹೋಗುತ್ತದೆ ಎಂದು ಚಿಕ್ಕಂದಿನಿಂದ ಕೇಳುತ್ತಿದ್ದೆನಲ್ಲ, ಅದು ಇಲ್ಲಿಗೂ ಬರುತ್ತಿತ್ತು.

ಪ್ರೊಫೆಸರರು ಬಿಳಿ ಮೀಸೆಯ, ಮೆಲುಮಾತಿನ ಮನುಷ್ಯ. ನನಗೆ ಕೈತೊಳೆಯುವ ತೊಟ್ಟಿಯ ಪಕ್ಕದ ಮೇಜು ಕೊಟ್ಟರು. ಪುಡಿ ಬಂದರಿನಲ್ಲಿ ಹೋದ ಸುದ್ದಿ ಕೇಳಿ, ಚಿಂತೆ ಬೇಡ ಎಂದರು. ನೂಲಿಗೆ ಗಂಜಿ ಹಾಕಲು ಈಗ ಹುಣಸೆ ಬೀಜದ ಪುಡಿಯೂ ಬಳಕೆಯಲ್ಲಿದೆಯಂತೆ. ಗಿರಣಿಗಳಿಗೆ ಸಾಮಾನು ಒದಗಿಸುವ ವ್ಯಾಪಾರಿಯೊಬ್ಬರು ಅವರ ಪರಿಚಿತರಂತೆ, ಒಂದು ಚೀಲ ಭಾರತದ ಪುಡಿ ತರಿಸಿಕೊಟ್ಟರು. ನಾನು ಕೃತಜ್ಞತೆಯಿಂದ ಕೈಮುಗಿದೆ. ಆ ಕೈಮುಗಿದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪುಡಿಗೆ ಬಟಾಟೆ ಕುದಿಸಿದ ನೀರು ಬೆರೆಸಿ, ಪ್ರಯೋಗಶಾಲೆಯ ಸಕ್ಕರೆ ಹಾಕಿ, ಹಬೆಯಲ್ಲಿ ಬೇಯಿಸಿದೆ. ಹಾಸಿಗೆ ಚೆನ್ನಾಗಿಯೇ ನಿಂತಿತು. ನನ್ನ ನಳಿಗೆಯಿಂದ ಸೂಜಿಯ ಮೊನೆಯಷ್ಟು ಬೂಸ್ಟು ತೆಗೆದು ಹತ್ತು ನಳಿಗೆಗಳಲ್ಲಿ ಇಟ್ಟೆ. ಮೂರು ದಿನಕ್ಕೆ ಕಾಣಿಸಿಕೊಳ್ಳಬೇಕು. ಒಂದು ವಾರವಾದರೂ ಹಾಸಿಗೆ ಬೋಳು. ಚಳಿಗೆ ಹೀಗಾಯಿತೆಂದು ಎರಡನೆಯ ಸಲ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟೆ. ಬೋಳು. ಮೂರನೆಯ ಸಲ ಸಕ್ಕರೆ ಹೆಚ್ಚಿಸಿದೆ, ಹುಳಿ ಸರಿಮಾಡಿದೆ, ಹೊಸ ನಳಿಗೆ ತೊಳೆದೆ. ಮತ್ತೆ ಬೋಳು. ಅದೇ ಬೂಸ್ಟು ಪಕ್ಕದ ಮೇಜಿನವರ ಅಗರಿನ ಮೇಲೆ ಮೂರೇ ದಿನಕ್ಕೆ ಹಬ್ಬುತ್ತಿತ್ತು.

ಹನ್ನೊಂದು ಗಂಟೆಗೆ ಅಲ್ಲಿ ಎಲ್ಲರೂ ಚಹಾಕ್ಕೆ ಏಳುತ್ತಾರೆ. ಕೈಯಲ್ಲಿ ಸೂಜಿ ಇದ್ದರೂ ಸರಿ, ಬೆಂಕಿ ಉರಿಯುತ್ತಿದ್ದರೂ ಸರಿ. ಒಂದು ದಿನ ಚಹಾ ಮುಗಿಸಿ ಬಂದಾಗ ನನ್ನ ಬೋಳು ನಳಿಗೆಗಳ ಮುಂದೆ ಯಾರೋ ಒಂದು ಚೀಟಿ ನಿಲ್ಲಿಸಿದ್ದರು: ‘ಲಕೋಟೆ ಅಂಟಿಸಲು ಉತ್ತಮ.’ ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆ ನಗುವೂ ಕೈಮುಗಿದದ್ದರ ಲೆಕ್ಕಕ್ಕೇ ಸೇರಲಿ.

ಪ್ರೊಫೆಸರರು ಕರೆಸಿ ಕೂರಿಸಿದರು.

“ನಿಮ್ಮ ಶ್ರಮವನ್ನು ಮೆಚ್ಚುತ್ತೇನೆ, ಮಿಸ್ಟರ್ ಶಿವಪ್ಪ. ಆದರೆ ಈ ಭಾರತದ ಗೋಂದಿನ ಮೇಲೆ ಏನೂ ಬೆಳೆಯುವುದಿಲ್ಲ.”

“ನಾನು ತಂದ ನಳಿಗೆಗಳಲ್ಲಿ ಬೆಳೆದಿದೆಯಲ್ಲ ಸರ್. ಅದೂ ಹುಣಸೆಯೇ.”

“ನನ್ನ ಕಣ್ಣೆದುರು ಬೆಳೆಯದ್ದಕ್ಕೆ ನಾನು ಸಹಿ ಹಾಕಲಾರೆ. ಇನ್ನೊಂದು ತಿಂಗಳು ನೋಡೋಣ. ಆಮೇಲೆ ಧಾರವಾಡಕ್ಕೆ ಬರೆಯಬೇಕಾಗುತ್ತದೆ.”

ತಪ್ಪು ಮಾತಲ್ಲ ಅದು. ಅವರ ಜಾಗದಲ್ಲಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಅದಕ್ಕೇ ಇನ್ನಷ್ಟು ಉರಿಯಿತು.

ಮಿಸೆಸ್ ಹಾಲ್ಟಳ ಅಡಿಗೆಮನೆ

ನಾನು ಬಾಡಿಗೆಗಿದ್ದದ್ದು ಮಿಸೆಸ್ ಹಾಲ್ಟ್ ಎಂಬ ವಿಧವೆಯ ಮನೆಯಲ್ಲಿ. ವಯಸ್ಸು ಅರವತ್ತರ ಮೇಲೆ. ಮೂವತ್ತು ವರ್ಷ ಗಿರಣಿಯಲ್ಲಿ ಮಗ್ಗ ನೋಡಿಕೊಂಡವಳು, ಮಗ್ಗಗಳ ಸದ್ದಿಗೆ ಕಿವಿ ಅರ್ಧ ಹೋಗಿತ್ತು. ಅವಳ ಇಂಗ್ಲಿಷು ಪ್ರೊಫೆಸರರ ಇಂಗ್ಲಿಷಲ್ಲ, ಗಿರಣಿಯ ಇಂಗ್ಲಿಷು. ಅದನ್ನು ನಮ್ಮ ಹುಬ್ಬಳ್ಳಿ ಮಾತಿನಲ್ಲಿ ಬರೆದರೇ ಸರಿಹೋಗುತ್ತದೆ. ನನಗೆ ಅದು ಹಾಗೆಯೇ ಕೇಳಿಸುತ್ತಿತ್ತು.

ಮೊದಮೊದಲು ನಮಗಿಬ್ಬರಿಗೆ ಆಗಿಬರುತ್ತಿರಲಿಲ್ಲ. ನಾನು ಸಾರಿಗೆ ಒಗ್ಗರಣೆ ಹಾಕಿದರೆ ಅವಳು ಆ ಚಳಿಯಲ್ಲೂ ಕಿಟಕಿ ತೆರೆಯುತ್ತಿದ್ದಳು. ಅವಳು ಕೋಬಿ ಬೇಯಿಸಿದರೆ ನಾನು ತೆರೆಯುತ್ತಿದ್ದೆ. ಸ್ನಾನಕ್ಕೆ ಅವಳ ಮನೆಯಲ್ಲಿ ಶನಿವಾರ ಮಾತ್ರ ನೀರು ಕಾಯುವುದು. ದಿನವೂ ತಣ್ಣೀರು ಹೊಯ್ದುಕೊಳ್ಳುವ ನನ್ನನ್ನು, ಇವನಿಗೆ ಎಲ್ಲೋ ಕಜ್ಜಿ ಇರಬೇಕೆಂದು ಅವಳು ಶಂಕಿಸಿದ್ದಳಂತೆ. ಆಮೇಲೆ ಅವಳೇ ಹೇಳಿದಳು.

ಪ್ರೊಫೆಸರರು ಗಡುವು ಕೊಟ್ಟ ಸಂಜೆ ನಾನು ಆ ಗಿರಣಿಯ ಪುಡಿಯನ್ನು ಒಂದು ಪೊಟ್ಟಣದಲ್ಲಿ ಮನೆಗೆ ತಂದಿದ್ದೆ. ಅಡಿಗೆಮನೆಯ ಮೇಜಿನ ಮೇಲೆ ಸುರಿದುಕೊಂಡು, ಅದನ್ನೇ ದುರುಗುಟ್ಟಿ ನೋಡುತ್ತ ಕೂತಿದ್ದೆ. ಮಿಸೆಸ್ ಹಾಲ್ಟ್ ಬಂದು ಬಗ್ಗಿ ನೋಡಿದಳು, ಬೆರಳಿಗೆ ತಗುಲಿಸಿ ನಾಲಿಗೆಗಿಟ್ಟು ಥೂ ಎಂದು ಬೆಂಕಿಯ ಗೂಡಿಗೆ ಉಗುಳಿದಳು.

“ಗಿರಣಿ ಗಂಜಿ ಪುಡಿ ಇದು. ಮನೀಗೆ ಯಾಕ ತಂದಿ?”

“ಇದರ ಮ್ಯಾಲೆ ಬೂಸ್ಟ ಬೆಳಸಾಕ ನೋಡಾಕತ್ತೇನ್ರಿ. ಮೂರು ಸಲ ಆತು, ಬೆಳೀವಲ್ದು.”

ನಗಲಾರಂಭಿಸಿದವಳು ಕುರ್ಚಿ ಹಿಡಿದುಕೊಂಡು ಕೂತಳು.

“ಹೆಂಗ ಬೆಳೀತೈತೋ ಹುಚ್ಚಪ್ಪಾ? ಬೆಳೀಬಾರ್ದಂತನ ಇದರಾಗ ಮದ್ದು ಹಾಕಿರ್ತಾರ. ನನ್ನ ಗಂಡ ಗಂಜಿ ಖೋಲ್ಯಾಗ ಇಪ್ಪತ್ತು ವರ್ಷ ದುಡದಾನ. ಎಂಥದೋ ಸತುವಿನ ಉಪ್ಪು, ಅವನ ಅಂಗಿ ತೊಳದಾಗ ನನ್ನ ಕೈ ಉರೀತಿದ್ವು. ಇದ ಆ ಉಪ್ಪಿನ ಒಗರು ರುಚಿ.”

“ಮದ್ದು ಯಾಕ ಹಾಕ್ತಾರ್ರಿ?”

“ಅರಿವಿ ಹಡಗದಾಗ ನಿಮ್ಮ ದೇಶಕ್ಕ ಹೋಗಬೇಕಲ್ಲ. ದಾರ್ಯಾಗ ಬೂಸ್ಟ ಹತ್ತಿದ್ರ ನೀವು ತಗೋತೀರೇನು?”

ನಮ್ಮ ಹತ್ತಿ, ಅವರ ನೂಲು, ನಮ್ಮದೇ ಹುಣಸೆ ಬೀಜದ ಗಂಜಿ, ತಿರುಗಿ ನಮಗೇ ಮಾರುವ ಬಟ್ಟೆಗೆ ಅವರ ಮದ್ದು. ಅದೇ ಚೀಲ ತಂದು ನನ್ನ ಮುಂದಿಟ್ಟು, ನಿನ್ನ ದೇಶದ ಗೋಂದಿನಲ್ಲಿ ಏನೂ ಬೆಳೆಯುವುದಿಲ್ಲ ಎಂದಿದ್ದರು. ಆದರೆ ಆ ಸಂಜೆ ನನಗೆ ಹೆಚ್ಚು ಸಿಟ್ಟು ಬಂದದ್ದು ನನ್ನ ಮೇಲೆ. ನಾಲ್ಕು ವರ್ಷ ಹುಸೇನಸಾಬ ಕಾಕಾ ನನ್ನ ಕಣ್ಣೆದುರೇ ಮೈಲುತುತ್ತಿನ ಡಬ್ಬಿಗೆ ಕೈ ಹಾಕಿದ್ದರು. ಅಂಟು ಮಾಡುವವನು ಎಲ್ಲಿಯವನಾದರೂ ಬೂಸ್ಟಿನ ವೈರಿಯೇ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ವಿಲಾಯತಿಯ ಚೀಲ ಎಂದೊಡನೆ ಕಣ್ಣು ಮುಚ್ಚಿ ನಂಬಿದ್ದೆ.

ಸ್ವಚ್ಛ ಬೀಜ ಬೇಕು. ಊರಿಗೆ ಬರೆದು ತರಿಸಲು ಸಮಯವಿಲ್ಲ. ಆಗ ಕಿಟಕಿಯ ಕಟ್ಟೆಯ ಮೇಲಿದ್ದ ಕೋಕೋ ಡಬ್ಬಿ ಕಣ್ಣಿಗೆ ಬಿತ್ತು. ಅವ್ವನ ಹುಣಸೆಯಿಂದ ಸಾರು ಮಾಡುವಾಗಲೆಲ್ಲ ಹಿಂಡಿ ತೆಗೆದ ಬೀಜಗಳನ್ನು ತೊಳೆದು ಅದರಲ್ಲಿ ಹಾಕುತ್ತಿದ್ದೆ. ಯಾತಕ್ಕೂ ಅಲ್ಲ. ನಾಲ್ಕು ವರ್ಷ ಊರ ಅಂಗಳಗಳಲ್ಲಿ ಹುಣಸೆ ಬೀಜ ಆರಿಸಿದ ಕೈಗೆ ಒಗೆಯಲು ಬರುತ್ತಿರಲಿಲ್ಲ, ಅಷ್ಟೆ.

ಹುರಿಯಲು ಮಿಸೆಸ್ ಹಾಲ್ಟಳ ಕಬ್ಬಿಣದ ಬಾಣಲೆ ಬೇಕಿತ್ತು. ಅದರಲ್ಲಿ ಅವಳು ಹಂದಿಯ ಕೊಬ್ಬು ಕರಗಿಸುವವಳು. ಕೊಬ್ಬು ಹತ್ತಿದರೆ ಪ್ರಯೋಗವೂ ಕೆಡುತ್ತದೆ, ಜಾತಿಯೂ ಕೆಡುತ್ತದೆ. ಗೂಡಿನ ಬೂದಿ ತೆಗೆದು ಮೂರು ಸಲ ತಿಕ್ಕಿದೆ. ತನ್ನ ಬಾಣಲೆ ಕೊಳಕೆಂದು ಹೀಗೆ ತಿಕ್ಕುತ್ತಿದ್ದಾನೆ ಎಂದು ಅವಳು ಮುಖ ಗಂಟು ಹಾಕಿದಳು. ಆಮೇಲೆ ಅದು ಹೊಳೆಯುವುದನ್ನು ಕಂಡು, ಮದುವೆಯಲ್ಲಿ ಬಂದಾಗ ಹೀಗಿತ್ತು ಎಂದಳು. ಬೀಜ ಹುರಿದೆ, ಸಿಪ್ಪೆ ಹಾರಿಸಿದೆ, ಮರುದಿನ ಪ್ರಯೋಗಶಾಲೆಯ ಖಲಬತ್ತದಲ್ಲಿ ಕುಟ್ಟಿ ಜರಡಿ ಹಿಡಿದೆ. ಆರು ನಳಿಗೆಗಾಗುವಷ್ಟು ಪುಡಿಯಾಯಿತು.

ಕೆಲಸ ಸಕ್ಕರೆಗೆ ಬಂದು ನಿಂತಿತು. ಮೂರು ಸಲ ಕೆಟ್ಟ ಮೇಲೆ ಪ್ರಯೋಗಶಾಲೆಯ ಸಕ್ಕರೆಯನ್ನು ನನಗೆ ಇನ್ನು ಕೊಡಬಾರದೆಂದು ಆಜ್ಞೆಯಾಗಿತ್ತು. ಅಂಗಡಿಯಲ್ಲಿ ಕೊಳ್ಳಲು ರೇಶನ್ ಪುಸ್ತಕ ಬೇಕು. ಅದು ಮೊದಲೇ ಮಿಸೆಸ್ ಹಾಲ್ಟಳ ಕೈಯಲ್ಲಿತ್ತು, ನಮ್ಮಿಬ್ಬರ ಪಾಲನ್ನು ಅವಳೇ ತರುತ್ತಿದ್ದಳು. ನನ್ನ ಪಾಲು ನಾನು ತಿಂದು ಮುಗಿಸಿದ್ದೆ. ಅವಳು ಕಪಾಟಿನಿಂದ ತನ್ನ ಪಾಲಿನ ಸಕ್ಕರೆಯ ಪೊಟ್ಟಣ ತಂದು ಮೇಜಿನ ಮೇಲಿಟ್ಟಳು.

“ನಿಮ್ಮ ಚಾಕ್ಕ ಏನ್ ಮಾಡ್ತೀರಿ?”

“ಚಾ ಕಹೀನ ಕುಡೀತೇನಿ. ನನ್ನ ಗಂಡನ ಕಡೆ ಆ ಉಪ್ಪು ಹಾಕಿಸಿ ಹಾಕಿಸಿ ಅವನ ಎದಿ ಸುಟ್ಟರು. ಅದರಾಗ ಏನೈತಿ ಅಂತ ಒಬ್ರೂ ಅವಗ ಹೇಳಲಿಲ್ಲ. ನೀ ಬೆಳಸಿ ತೋರ್ಸು ಅವರಿಗೆ.”

ಒಂದು ವಾಕ್ಯ

ಐದನೆಯ ದಿನ ಆರು ನಳಿಗೆಗಳಲ್ಲೂ ಬಿಳಿ ಅರಳೆ ಎದ್ದಿತು, ಎಂಟನೆಯ ದಿನ ಕೆಳಗೆ ನೇರಳೆ ಬಣ್ಣ ಕಾಣಿಸಿತು. ಅಷ್ಟಕ್ಕೇ ಬಿಡಲಿಲ್ಲ. ಪ್ರೊಫೆಸರರದೇ ಅಗರಿನ ಗಾಜಿನ ತಟ್ಟೆಯಲ್ಲಿ ನನ್ನ ಬೂಸ್ಟು ಹಚ್ಚಿ, ನಟ್ಟನಡುವೆ ಆ ಚೀಲದ ಪುಡಿಯನ್ನು ಒಂದು ಚಿಟಿಕೆ ಇಟ್ಟೆ. ತಟ್ಟೆಯ ತುಂಬ ಬೆಳೆದ ಬೂಸ್ಟು ಪುಡಿಯ ಸುತ್ತ ಒಂದು ರೂಪಾಯಿಯಗಲ ಜಾಗವನ್ನು ಮುಟ್ಟಲಿಲ್ಲ.

ಪ್ರೊಫೆಸರರು ನಳಿಗೆ, ತಟ್ಟೆ ಎರಡನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನ ಕೈ ಕುಲುಕಿದರು. ವರದಿ ಬರೆದು ತನ್ನಿ, ಸಹಿ ಹಾಕುತ್ತೇನೆ ಎಂದರು. ಆ ವಾರ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಒಗ್ಗರಣೆ ಹಾಕಿದಾಗ ಮಿಸೆಸ್ ಹಾಲ್ಟ್ ಕಿಟಕಿ ತೆರೆಯಲಿಲ್ಲ.

ವರದಿಯನ್ನು ಅವರು ಪೆನ್ನು ತೆರೆದಿಟ್ಟುಕೊಂಡೇ ಓದಿದರು. ಮೂರನೆಯ ಪುಟದಲ್ಲಿ ನಿಂತರು. ಅಲ್ಲಿ ನಾನು ಬರೆದಿದ್ದೆ: ‘ಮೊದಲ ಮೂರು ಪ್ರಯೋಗ ಕೆಟ್ಟದ್ದು ಹುಣಸೆ ಬೀಜದ ದೋಷದಿಂದಲ್ಲ, ಇಲ್ಲಿಯ ವ್ಯಾಪಾರಿ ಪುಡಿಗೆ ಬೆರೆಸಿದ್ದ, ಬೂಸ್ಟು ಕೊಲ್ಲುವ ಮದ್ದಿನಿಂದ.’

“ಈ ವಾಕ್ಯ ತೆಗೆಯಿರಿ” ಎಂದರು. “‘ಭಾರತದಿಂದ ಬಂದ ಪುಡಿಯಲ್ಲಿ ಕಲ್ಮಶವಿತ್ತು’ ಎಂದರೆ ಸಾಕು. ಆ ವ್ಯಾಪಾರಿ ನಮ್ಮ ಪ್ರಯೋಗಶಾಲೆಗೆ ಬೇಕಾದವರು.”

“ಪುಡಿ ಭಾರತದ್ದು ಸರ್. ಕಲ್ಮಶ ಇಲ್ಲಿಯದು.”

“ಒಂದು ವಾಕ್ಯ, ಮಿಸ್ಟರ್ ಶಿವಪ್ಪ. ಮಿಕ್ಕದ್ದೆಲ್ಲ ನಿಮ್ಮದೇ.”

ಸುಳ್ಳು ಹೇಳುವುದಿಲ್ಲ, ನಾನು ಪೆನ್ಸಿಲ್ ಕೈಗೆ ತೆಗೆದುಕೊಂಡೆ. ಸಾಹೇಬರ ಮುಖ ಕಣ್ಣೆದುರು ಬಂತು, ಹೊರಗೆ ಹೋಗಲಿರುವ ನನ್ನ ಗಡಿಗೆ ಕಣ್ಣೆದುರು ಬಂತು. ಸಹಿಗೆ ಮೂರು ಅಂಗುಲ ದೂರದಲ್ಲಿದ್ದೆ. ಆದರೆ ಆ ವಾಕ್ಯ ಹೊಡೆದರೆ, ನಾಳೆ ಮದ್ರಾಸಿನಲ್ಲೋ ನಾಗಪುರದಲ್ಲೋ ನನ್ನಂಥ ಒಬ್ಬ ಸಹಾಯಕ ವರದಿ ಓದಿ, ನಮ್ಮ ಬೀಜವೇ ಹೊಲಸು, ಚೀಲ ವಿಲಾಯತಿಯಿಂದ ತರಿಸಬೇಕು ಎಂದುಕೊಳ್ಳುತ್ತಾನೆ. ಮತ್ತೆ ಬೋಳು ನಳಿಗೆ, ಮತ್ತೆ ನಗು. ಹುಸೇನಸಾಬ ಕಾಕಾ ಹದ ನೋಡಿ ಹುರಿದ ಬೀಜಕ್ಕೆ ಕಲ್ಮಶದ ಹೆಸರು. ಮಿಸೆಸ್ ಹಾಲ್ಟ್ ಅಂದು ಬೆಳಗ್ಗೆಯೂ ಕಹಿ ಚಹಾ ಕುಡಿದಿದ್ದಳು.

ಪೆನ್ಸಿಲ್ ಕೆಳಗಿಟ್ಟೆ. “ಆ ವಾಕ್ಯ ಇರಲಿ ಸರ್” ಎಂದೆ. ಎಂಟು ತಿಂಗಳಲ್ಲಿ ನಾನು ನಗದೆ, ಕೈಮುಗಿಯದೆ ಆಡಿದ ಮೊದಲ ಮಾತು ಅದು.

ಅವರಿಗೆ ಸಿಟ್ಟೂ ಬರಲಿಲ್ಲ. ಪೆನ್ನಿಗೆ ಟೊಪ್ಪಿಗೆ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು, ನನ್ನ ಪ್ರಯಾಣ ಸುಖಕರವಾಗಲಿ ಎಂದರು.

ಮತ್ತೆ ಹುಬ್ಬಳ್ಳಿ

ಧಾರವಾಡದಲ್ಲಿ ಸಾಹೇಬರು ವರದಿಯ ಕೊನೆಯ ಪುಟವನ್ನು ಮೊದಲು ತಿರುಗಿಸಿದರು. ಸಹಿಯ ಜಾಗ ಖಾಲಿ ಇತ್ತು. ನಾನು ಎಲ್ಲ ಹೇಳಿದೆ. ಅವರು ಕೊನೆಯ ತನಕ ಕೇಳಿದರು ಕೂಡ.

“ಒಂದು ಗೆರಿ ಹೊಡಿಯಾಕ ನಿನಗೇನಾಗಿತ್ತೋ? ಸಹಿ ಇಲ್ಲದ ಕಾಗದಾ ರದ್ದಿ. ನಾ ಏನ್ ಮಾಡ್ಲಿ ಹೇಳು.”

ಅವರ ಮೇಜಿನ ಮೇಲೆ ಅಗರಿನ ಹೊಸ ಡಬ್ಬಿ ಬಂದು ಕೂತಿತ್ತು. ನನ್ನ ಗಡಿಗೆ, ಜರಡಿ, ಬೀಜದ ಚೀಲ ಹೊರಗೆ ಜಗಲಿಯ ಮೇಲಿದ್ದವು. ಮಳೆಯ ಎರಚಲಿಗೆ ಚೀಲದೊಳಗಿನ ಕೆಲವು ಬೀಜ ಮೊಳೆತಿದ್ದವು. ಎತ್ತಿಕೊಂಡು ಅಮರಗೋಳಕ್ಕೆ ಒಯ್ದೆ.

ಅವ್ವ ಚೀಲ ಬಿಚ್ಚಿ ನೋಡಿ, “ಇಷ್ಟೊಂದು ಬೀಜ ಯಾಕ ತಂದಿ ಯಪ್ಪಾ?” ಎಂದಳು. ಕೋಕೋ ಡಬ್ಬಿಯ ಕತೆ ಅವಳಿಗೆ ಹೇಳಿದೆ. ಈ ಸಲ ಸಿಡುಕಲಿಲ್ಲ.

ಮರುವಾರ ವರದಿ ಹಿಡಿದು ಹುಬ್ಬಳ್ಳಿಗೆ ಹೋದೆ. ಹುಸೇನಸಾಬ ಕಾಕಾ ಅದೇ ಜಾಗದಲ್ಲಿ ಕೂತು ಅಂಟು ಕಲಕುತ್ತಿದ್ದರು. ರಟ್ಟು ಹಾಕಿಕೊಡಿ ಎಂದು ಹಾಳೆಗಳನ್ನು ಮುಂದಿಟ್ಟೆ. ಅವರಿಗೆ ಇಂಗ್ಲಿಷು ಬರುವುದಿಲ್ಲ. ಆದರೆ ಸರಕಾರಿ ಕಾಗದ ಕಟ್ಟಿ ಕಟ್ಟಿ ಸಹಿಯ ಜಾಗ ಯಾವುದೆಂದು ಗೊತ್ತು.

“ಸಹಿ ಎಲ್ಲೈತಿ ಶಿವಪ್ಪಾ?”

“ಇಲ್ರಿ ಕಾಕಾ.” ಮೂರನೆಯ ಪುಟ ತೆಗೆದು ಬೆರಳಿಟ್ಟು ತೋರಿಸಿದೆ. “ಈ ಒಂದು ಮಾತು ತಗದಿದ್ರ ಹಾಕ್ತಿದ್ರು.”

“ಏನಂತ ಬರದಿ?”

ಕನ್ನಡದಲ್ಲಿ ಹೇಳಿದೆ. ಬೀಜದ್ದಲ್ಲ ತಪ್ಪು, ಅದರಲ್ಲಿ ಅವರು ಬೆರೆಸಿದ ಮದ್ದಿನದು ಎಂದೆ. ಕಾಕಾ ಕಲಕುವುದನ್ನು ನಿಲ್ಲಿಸಿ ಕೇಳಿದರು. ಆ ಪುಟವನ್ನು ಒಂದು ಸಲ ಅಂಗೈಯಿಂದ ಸವರಿ ಸರಿಮಾಡಿದರು.

“ಖರೇ ಐತಲ್ಲ, ಮತ್ತ ಯಾಕ ತಗೀಬೇಕು? ಇದನ್ನ ಯಾರು ಓದ್ತಾರ?”

“ಈಗ ಯಾರೂ ಓದೂದಿಲ್ರಿ.”

ಕಾಕಾನ ಕೈ ಮೈಲುತುತ್ತಿನ ಡಬ್ಬಿಗೆ ಹೋಯಿತು. ರೂಢಿಯಂತೆ ನನ್ನ ಕೈಯೂ ಅದನ್ನು ತಡೆಯಲು ಮುಂದೆ ಹೋಗಿ, ಅರ್ಧದಲ್ಲಿ ನಿಂತಿತು. ಅವರು ಒಂದು ಚಿಟಿಕೆ ಹಾಕಿದರು, ನನ್ನ ಮುಖ ನೋಡಿದರು, ಇನ್ನೊಂದು ಚಿಟಿಕೆ ಹಾಕಿದರು.

“ಹಂಗಾದ್ರ ಇದು ಭಾಳ ವರ್ಷ ಇರಬೇಕಾಗ್ತೈತಿ” ಎಂದು ಅಂಟು ನೀಲಿಯಾಗುವ ತನಕ ಕಲಕಿದರು.